ಮುಲಾಮು ಹಚ್ಚುವ ಮುಂಚೆ ಚಪ್ಪಲಿ ನೋಡಿ

(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಚರ್ಮರೋಗ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಚರ್ಮದ ಅಲರ್ಜಿ ಬಗ್ಗೆ ಮಾತನಾಡಿ ಎಂದು ಹೇಳಿದ್ದಾರೆ. ಇದು ದೊಡ್ಡ ವಿಷಯ. ಎಲ್ಲವನ್ನೂ ಹೇಳಲು ಹೊರಟರೆ ನಿಮ್ಮ ಊಟ ತಣ್ಣಗಾಗುತ್ತದೆ. ಆದ್ದರಿಂದ ಒಂದು ಭಾಗವನ್ನು ಮಾತ್ರ ತೆಗೆದುಕೊಂಡಿದ್ದೇನೆ. ನಾವು ದಿನಾ ಮೆಟ್ಟುವ, ಹಿಡಿಯುವ, ತೊಡುವ ವಸ್ತುಗಳಲ್ಲಿ ಇರುವ ರಾಸಾಯನಿಕಗಳಿಂದ ಕೈಕಾಲಿಗೆ ಬರುವ ತುರಿಕೆ, ಅದರಲ್ಲೂ ಮುಖ್ಯವಾಗಿ ರಬ್ಬರಿನಿಂದ ಬರುವುದು. ಈ ಸಭೆಯಲ್ಲಿ ರಬ್ಬರ್ ತೋಟ ಇರುವವರು, ಟ್ಯಾಪಿಂಗಿಗೆ ಹೋಗುವವರು, ಗಾರೆ ಕೆಲಸಕ್ಕೆ ಹೋಗುವವರು, ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು ಎಲ್ಲರೂ ಇದ್ದೀರಿ. ಚಪ್ಪಲಿ ಹಾಕದವರಂತೂ ಯಾರೂ ಇಲ್ಲ.

ನಮ್ಮಲ್ಲಿ ಕೈಕಾಲಿಗೆ ತುರಿಕೆ ಬಂದರೆ ಮೊದಲು ಏನು ಮಾಡ್ತೇವೆ? "ರಕ್ತ ಕೆಟ್ಟಿದೆ" ಅಂತೇವೆ. "ನಂಜು" ಅಂತೇವೆ. ಬಂಗುಡೆ ಬಿಡ್ತೇವೆ, ಬದನೆ ಬಿಡ್ತೇವೆ, ಒಣಮೀನು ಬಿಡ್ತೇವೆ. ಮನೆಯವರಿಗೆಲ್ಲ ಮೀನು ಬೇಯಿಸಿ ಬಡಿಸಿ, ತಾನು ಗಂಜಿ ಉಪ್ಪಿನಕಾಯಿಯಲ್ಲಿ ವರ್ಷಗಟ್ಟಲೆ ಕಳೆಯುವ ತಾಯಂದಿರನ್ನು ನಾನು ನೋಡಿದ್ದೇನೆ. ತುರಿಕೆ ಹೋಗುವುದಿಲ್ಲ. ಹೇಗೆ ಹೋದೀತು? ತುರಿಕೆಯ ಕಾರಣ ಬಟ್ಟಲಿನಲ್ಲಿಲ್ಲ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯಲ್ಲಿದೆ.

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸಂದಿಯಿಂದ ಎರಡು ಬದಿಗೆ ಕವಲೊಡೆದ ಹಾಗೆ, ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ಕಪ್ಪಾಗಿ ದಡ್ಡುಗಟ್ಟಿದ, ತುರಿಸುವ, ಕೆಲವೊಮ್ಮೆ ನೀರು ಒಸರುವ ಗುರುತು ಇದೆಯಾ ನೋಡಿ. ಎರಡೂ ಪಾದದಲ್ಲಿ ಒಂದೇ ಆಕಾರದಲ್ಲಿ ಇದೆಯಾ ನೋಡಿ. ಮೀನಿನ ನಂಜು ಚಪ್ಪಲಿ ಪಟ್ಟಿಯ ಆಕಾರದಲ್ಲಿ ಬರುವುದಿಲ್ಲ. ಕೈಗೆ ಬಂದ ತುರಿಕೆ ಮಣಿಕಟ್ಟಿನ ಹತ್ತಿರ, ಗ್ಲೌಸ್ ಮುಗಿಯುವ ಕಡೆ ಗೆರೆ ಎಳೆದ ಹಾಗೆ ನಿಂತಿದೆಯಾ? ಸೊಂಟದ ಸುತ್ತ ಎಲಾಸ್ಟಿಕ್ ಇರುವ ಕಡೆ ಮಾತ್ರ ಇದೆಯಾ? ಗಡಿಯಾರದ ಪಟ್ಟಿಯ ಕೆಳಗೆ? ತುರಿಕೆಯ ಆಕಾರವೇ ಅರ್ಧ ಕಥೆ ಹೇಳುತ್ತದೆ.

ಅಲರ್ಜಿ ಎಂದರೆ ಏನು ಎಂದು ನಿಮಗೆ ಕಲಿಸಬೇಕಾಗಿಲ್ಲ, ನಿಮ್ಮ ಗುಡ್ಡೆಯಲ್ಲೇ ಅದರ ಪಾಠ ಉಂಟು. ಚೇರೆ ಮರ ಗೊತ್ತಲ್ಲ? ಘಟ್ಟದವರು ಹೊಳಗೇರು ಅನ್ನುತ್ತಾರೆ. ಅದರ ಸೊನೆ ತಾಗಿದರೆ ಒಬ್ಬನ ಮುಖ ಬಾತು ಕಣ್ಣು ಮುಚ್ಚಿಹೋಗುತ್ತದೆ. ಅವನ ಜೊತೆಗೇ ಸೊಪ್ಪು ಕಡಿದ ಇನ್ನೊಬ್ಬನಿಗೆ ಏನೂ ಆಗುವುದಿಲ್ಲ. ತಾಗಿದ ಕೂಡಲೇ ಆಗುವುದೂ ಇಲ್ಲ, ಮರುದಿನವೋ ಮೂರನೇ ದಿನವೋ ಏಳುತ್ತದೆ. ಇದೇ ಅಲರ್ಜಿಯ ಸ್ವಭಾವ. ಮೊದಲ ಸಲ ಮುಟ್ಟಿದಾಗ ದೇಹ ಆ ವಸ್ತುವನ್ನು ಗುರುತು ಹಾಕಿಕೊಳ್ಳುತ್ತದೆ. ಅದಕ್ಕೆ ಹತ್ತು ಹದಿನೈದು ದಿನ ಸಾಕು, ಕೆಲವೊಮ್ಮೆ ಹತ್ತು ವರ್ಷವೂ ಹಿಡಿಯಬಹುದು. ಒಮ್ಮೆ ಗುರುತು ಹಾಕಿಕೊಂಡ ಮೇಲೆ ಮುಟ್ಟಿದಾಗಲೆಲ್ಲ ಒಂದರಿಂದ ಮೂರು ದಿನದೊಳಗೆ ತುರಿಕೆ ಏಳುತ್ತದೆ. ಆ ನೆನಪು ಸಾಮಾನ್ಯವಾಗಿ ಸಾಯುವವರೆಗೂ ಅಳಿಯುವುದಿಲ್ಲ.

ಆದ್ದರಿಂದಲೇ ಎರಡು ಮಾತು ನನ್ನ ಹತ್ತಿರ ಹೇಳಬೇಡಿ. ಒಂದು, "ಡಾಕ್ಟ್ರೇ, ಹದಿನೈದು ವರ್ಷದಿಂದ ಇದೇ ಚಪ್ಪಲಿ ಹಾಕ್ತೇನೆ, ಈಗ ಯಾಕೆ ಆಗ್ಬೇಕು?" ಹಳೆಯ ವಸ್ತುವಿಗೇ ಅಲರ್ಜಿ ಬರುವುದು, ಪರಿಚಯ ಇಲ್ಲದ ವಸ್ತುವಿಗೆ ದೇಹ ಜಗಳ ತೆಗೆಯುವುದಿಲ್ಲ. ಇನ್ನೊಂದು, "ಅವಳಿಗೂ ಅದೇ ಗ್ಲೌಸ್, ಅವಳಿಗೆ ಏನೂ ಆಗಿಲ್ಲ." ಚೇರೆ ಮರದ ಮಾತು ನೆನಪು ಮಾಡಿಕೊಳ್ಳಿ.

ಅಲರ್ಜಿ ಅಲ್ಲದ ಉರಿ ಬೇರೆ. ಶೀಟ್ ಮಾಡುವ ಫಾರ್ಮಿಕ್ ಆಸಿಡ್ ನೀರು ಸೇರಿಸದೆ ಕೈಗೆ ಬಿದ್ದರೆ ಯಾರ ಕೈಯಾದರೂ ಸುಡುತ್ತದೆ. ಅದಕ್ಕೆ ಪರಿಚಯ ಬೇಕಾಗಿಲ್ಲ. (ಆಸಿಡಿಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ ಹಾಕಬೇಕು. ಇದನ್ನು ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ಹೇಳಿಕೊಡಿ. ಆಸಿಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ.)

ಈಗ ರಬ್ಬರಿನ ಸಂಗತಿ. ಮರದಿಂದ ಬರುವ ರಬ್ಬರ್ ಹಾಲನ್ನು ಹಾಗೇ ಒಣಗಿಸಿದರೆ ಸೆಖೆಗೆ ಅಂಟಂಟಾಗುತ್ತದೆ, ಚಳಿಗೆ ಗಟ್ಟಿಯಾಗಿ ಒಡೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವರು ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಅದು ಹದವಾಗಿ ಬಾಳಿಕೆ ಬರುತ್ತದೆ ಎಂದು ಕಂಡುಕೊಂಡರು. ಆ ಕೆಲಸ ಬೇಗ ಆಗಲೆಂದು ಆಮೇಲೆ ಬೇರೆ ಬೇರೆ ರಾಸಾಯನಿಕಗಳನ್ನು ಸೇರಿಸತೊಡಗಿದರು. ಥೈರಾಮ್, ಕಾರ್ಬಮೇಟ್, ಮರ್ಕ್ಯಾಪ್ಟೊ ಬೆಂಜೊಥಯಜೋಲ್ ಎಂದೆಲ್ಲ ಹೆಸರು. ಬಾಯಿಪಾಠ ಮಾಡಬೇಡಿ, ನಮಗೂ ಪರೀಕ್ಷೆಗೆ ಓದುವಾಗ ನಾಲಿಗೆ ಹೊರಳುತ್ತಿರಲಿಲ್ಲ. ರಬ್ಬರ್ ಬಿಸಿಲಿಗೆ ಬಿರುಕು ಬಿಡದಿರಲಿ ಎಂದು ಇನ್ನೊಂದು ಜಾತಿಯ ವಸ್ತು ಸೇರಿಸುತ್ತಾರೆ. ಟಯರ್, ಕಪ್ಪು ಪೈಪ್, ಗಂಬೂಟ್‌ಗಳಲ್ಲಿ ಇರುವುದು ಅದು. ರಬ್ಬರಿನಿಂದ ತುರಿಕೆ ಬರುವವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವುದು ಮರದ ಹಾಲಲ್ಲ, ಈ ಸೇರಿಸಿದ ಸಾಮಾನು. ಬೆವರು ಹರಿದಾಗ ಅದು ರಬ್ಬರಿನಿಂದ ಸ್ವಲ್ಪ ಸ್ವಲ್ಪ ಹೊರಬಂದು ಚರ್ಮಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಬೆವರಿಗೇನು ಬರಗಾಲವಾ?

ಮರದ ಹಾಲಿನಿಂದಲೇ ಬರುವ ಅಲರ್ಜಿ ಇನ್ನೊಂದಿದೆ. ಅದು ಕಡಿಮೆ ಜನರಿಗೆ ಬರುತ್ತದೆ, ಆದರೆ ಅಪಾಯ ಹೆಚ್ಚು. ಹಾಲಿನಲ್ಲಿರುವ ಪ್ರೋಟೀನ್ ಇದಕ್ಕೆ ಕಾರಣ. ಗ್ಲೌಸ್ ಹಾಕಿದ ಅಥವಾ ಬಲೂನ್ ಊದಿದ ಕೆಲವೇ ನಿಮಿಷದಲ್ಲಿ ಮೈಮೇಲೆ ದದ್ದು ಏಳುತ್ತದೆ, ತುಟಿ ಬಾಯುತ್ತದೆ, ಉಬ್ಬಸ ಬರುತ್ತದೆ, ಕೆಲವರಿಗೆ ಬಿ.ಪಿ. ಇಳಿದು ಪ್ರಾಣಕ್ಕೇ ಬರುತ್ತದೆ. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು ತಿಂದರೂ ಬಾಯಿ ತುರಿಸುವುದುಂಟು. ಹಾಗೇನಾದರೂ ಇದ್ದರೆ ಹೆರಿಗೆಗೆ, ಆಪರೇಷನ್ನಿಗೆ, ಹಲ್ಲು ತೆಗೆಸಲು ಹೋದಾಗ ಮೊದಲೇ ಹೇಳಿಬಿಡಿ, ಬೇರೆ ಗ್ಲೌಸ್ ಹಾಕಿಕೊಳ್ಳುತ್ತಾರೆ. ಗ್ಲೌಸಿನ ಪುಡಿಯ ಜೊತೆ ಈ ಪ್ರೋಟೀನ್ ಗಾಳಿಗೆ ಹಾರುತ್ತದೆ ಎಂಬ ಕಾರಣಕ್ಕೂ ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸನ್ನೇ ನಿಷೇಧಿಸಿದ್ದಾರೆ.

ಈಗ ಥೈರಾಮ್ ಬಗ್ಗೆ ಒಂದು ಕಥೆ ಹೇಳಬೇಕು. ಕಥೆ ಅಂದರೂ ನಡೆದ ಸಂಗತಿ. 1937ರಲ್ಲಿ ಅಮೆರಿಕದ ಒಂದು ರಾಸಾಯನಿಕ ಕಾರ್ಖಾನೆಯ ವೈದ್ಯರು ಒಂದು ವಿಚಿತ್ರ ಗಮನಿಸಿದರು. ರಬ್ಬರಿಗೆ ಸೇರಿಸುವ ಥೈರಾಮ್ ಜೊತೆ ಕೆಲಸ ಮಾಡುವ ಕಾರ್ಮಿಕರಿಗೆ ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು ತಾಳಲಾರದಷ್ಟು ಸಂಕಟ ಆಗುತ್ತಿತ್ತು. ಅವರೆಲ್ಲ ಕುಡಿಯುವುದನ್ನೇ ಬಿಟ್ಟಿದ್ದರು! ಹತ್ತು ವರ್ಷದ ನಂತರ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸನ್ ಎಂಬ ಸಂಶೋಧಕರು ಥೈರಾಮಿನ ಹತ್ತಿರದ ನೆಂಟನಾದ ಇನ್ನೊಂದು ವಸ್ತುವಿನಲ್ಲಿ ಇದೇ ಗುಣ ಕಂಡು, 1948ರಲ್ಲಿ ಅದನ್ನು ಕುಡಿತ ಬಿಡಿಸುವ ಮಾತ್ರೆ ಎಂದು ಪ್ರಕಟಿಸಿದರು. ಅದೇ ಡೈಸಲ್ಫಿರಾಮ್. ನಮ್ಮ ಮದ್ಯವ್ಯಸನ ಮುಕ್ತಿ ಶಿಬಿರಕ್ಕೆ ಮನೆಯವರನ್ನು ಕಳಿಸಿದವರಿಗೆ ಈ ಹೆಸರು ಗೊತ್ತಿರಬಹುದು.

ಇದನ್ನು ಯಾಕೆ ಹೇಳಿದೆ ಅಂದರೆ, ರಬ್ಬರ್ ಗ್ಲೌಸಿನ ಥೈರಾಮಿಗೆ ಅಲರ್ಜಿ ಇರುವವರು ಈ ಮಾತ್ರೆ ನುಂಗಿದರೆ ಮೈಯೆಲ್ಲ ತುರಿಕೆ ಏಳಬಹುದು. ದೇಹಕ್ಕೆ ಅವೆರಡೂ ಒಂದೇ ಮನೆಯವರು. ಹಾಗಾಗಿ ಗ್ಲೌಸ್ ಅಲರ್ಜಿ ಇದ್ದವರು ಮಾತ್ರೆ ಬರೆಯುವ ವೈದ್ಯರಿಗೆ ಅದನ್ನು ಹೇಳಲೇಬೇಕು. ಇನ್ನೊಂದು ಮಾತನ್ನು ಸಿಟ್ಟಿನಿಂದಲೇ ಹೇಳುತ್ತೇನೆ. ಗಂಡನಿಗೆ ಗೊತ್ತಾಗದ ಹಾಗೆ ಈ ಮಾತ್ರೆಯನ್ನು ಪುಡಿ ಮಾಡಿ ಸಾರಿಗೆ ಹಾಕುವ ಕ್ರಮ ಕೆಲವು ಕಡೆ ಉಂಟು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗೊತ್ತಿಲ್ಲದೆ ಅವರು ಮೇಲಿಂದ ಕುಡಿದರೆ ಹೃದಯಕ್ಕೆ ಪೆಟ್ಟು ಬಿದ್ದು ಜೀವವೇ ಹೋಗಬಹುದು. ದಯವಿಟ್ಟು ಮಾಡಬೇಡಿ. ಬೀಜೋಪಚಾರಕ್ಕೆ ಬಳಸುವ ಥೈರಾಮ್ ಪುಡಿ ಕೂಡ ಗ್ಲೌಸಿನಲ್ಲಿರುವ ಅದೇ ಜಾತಿಯದು. ಗ್ಲೌಸ್ ಬಿಟ್ಟರೂ ತುರಿಕೆ ಹೋಗದ ರೈತರು ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಬಿಳಿ ಕಲೆಯ ಬಗ್ಗೆ ಹೇಳದಿದ್ದರೆ ನಾನು ಬಂದದ್ದೇ ವ್ಯರ್ಥ. ಕೆಲವರಿಗೆ ಚಪ್ಪಲಿ ಪಟ್ಟಿಯ ಕೆಳಗೆ, ಅಥವಾ ಹಣೆಯಲ್ಲಿ ಅಂಟಿಸುವ ಬಿಂದಿಯ ಜಾಗದಲ್ಲಿ, ತುರಿಕೆ ಇದ್ದೋ ಇಲ್ಲದೆಯೋ ಚರ್ಮ ಬೆಳ್ಳಗಾಗುತ್ತದೆ. ಕೂಡಲೇ ಮನೆಯಲ್ಲಿ ಪಿಸುಮಾತು ಶುರು. ತೊನ್ನಾ? ಕುಷ್ಠವಾ? ಹುಡುಗಿಯ ಮದುವೆ ಮಾತುಕತೆ ನಿಲ್ಲುತ್ತದೆ. ಆ ಮಗು ಕಾಲು ಮುಚ್ಚಿಕೊಂಡು ತಿರುಗುತ್ತದೆ, ಸಾಕ್ಸ್ ಹಾಕುತ್ತದೆ, ಅದರ ಮೇಲೆ ಮತ್ತೆ ಅದೇ ಚಪ್ಪಲಿ ಹಾಕುತ್ತದೆ.

1939ರಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಹೀಗೇ ಆಯಿತು. ಕಾರ್ಮಿಕರ ಕೈ, ಮುಂಗೈ ಬೆಳ್ಳಗಾದವು. ಹುಡುಕಿದಾಗ ಅವರ ರಕ್ಷಣೆಗೆಂದು ಕೊಟ್ಟಿದ್ದ ರಬ್ಬರ್ ಗ್ಲೌಸೇ ಕಾರಣ ಎಂದು ತಿಳಿಯಿತು. ರಬ್ಬರ್ ಹಾಳಾಗದಿರಲು ಸೇರಿಸಿದ್ದ ಒಂದು ವಸ್ತು, ಮೊನೊಬೆಂಜೈಲ್ ಈಥರ್ ಆಫ್ ಹೈಡ್ರೊಕ್ವಿನೋನ್, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಸಾಯಿಸುತ್ತಿತ್ತು. ಬಿಂದಿಯ ಅಂಟಿನಲ್ಲಿ, ಚಪ್ಪಲಿ ಅಂಟಿಸುವ ಗೋಂದಿನಲ್ಲಿ ಇರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಎಂಬ ವಸ್ತುವಿಗೂ ಇದೇ ದುರ್ಗುಣ ಉಂಟು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ವಸ್ತುವನ್ನು ಬೇಗ ಬಿಟ್ಟರೆ ಹಲವರಿಗೆ ಬಣ್ಣ ಮರಳುತ್ತದೆ. ತಡ ಮಾಡಿದರೆ ಕಷ್ಟ. ಕೆಲವರಿಗೆ ಮುಟ್ಟದ ಜಾಗಕ್ಕೂ ಹಬ್ಬುತ್ತದೆ. ಹಾಗಾಗಿ ಬಿಳಿ ಕಲೆ ಕಂಡರೆ ಅಡಗಿಸಬೇಡಿ, ತೋರಿಸಿ. ಕಲೆಯ ಮೇಲೆ ಹತ್ತಿ ಎಳೆ ಆಡಿಸಿದರೆ ಗೊತ್ತಾಗದೆ ಜೋಮು ಹಿಡಿದಂತಿದ್ದರೆ ಇನ್ನೂ ಬೇಗ ತೋರಿಸಿ, ಅದು ಕುಷ್ಠ ಇರಬಹುದು. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪೂರ್ತಿ ಗುಣವಾಗುವ ಔಷಧ ಇದೆ. ಎರಡರಲ್ಲೂ ನಾಚಿಕೆಪಡುವಂಥದ್ದು ಏನೂ ಇಲ್ಲ.

ಗಾರೆ ಕೆಲಸದವರಿಗೆ ಎರಡು ಮಾತು. ಕಲಸಿದ ಸಿಮೆಂಟ್ ತೀಕ್ಷ್ಣವಾದ ಕ್ಷಾರ, ಅದು ಸುಡುತ್ತದೆ. ಗಂಬೂಟಿನೊಳಗೆ ಹೋದ ಸಿಮೆಂಟ್ ನೀರು ಸಂಜೆಯವರೆಗೆ ನಿಂತರೆ ಮಾಂಸದವರೆಗೆ ಹುಣ್ಣು ಮಾಡುತ್ತದೆ. ಅದಲ್ಲದೆ ಸಿಮೆಂಟಿನಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಕ್ರೋಮಿಯಂ ಇರುತ್ತದೆ, ಅಲರ್ಜಿ ಬರುವುದು ಅದಕ್ಕೆ. ಸಿಮೆಂಟಿಗೆ ಫೆರಸ್ ಸಲ್ಫೇಟ್ ಸೇರಿಸಿದರೆ ಈ ಕ್ರೋಮಿಯಂ ಅಷ್ಟು ಕಾಟ ಕೊಡದ ರೂಪಕ್ಕೆ ತಿರುಗುತ್ತದೆ. ಡೆನ್ಮಾರ್ಕಿನಲ್ಲಿ 1983ರಲ್ಲೇ ಇದಕ್ಕೆ ನಿಯಮ ತಂದರು. 2005ರ ಜನವರಿಯಿಂದ ಯುರೋಪ್ ಒಕ್ಕೂಟದಲ್ಲೆಲ್ಲ ಹತ್ತು ಲಕ್ಷ ಪಾಲಿಗೆ 2 ಪಾಲಿಗಿಂತ ಹೆಚ್ಚು ಈ ಕ್ರೋಮಿಯಂ ಕರಗುವ ಸಿಮೆಂಟನ್ನು ಕೈಯಿಂದ ಮಾಡುವ ಕೆಲಸಕ್ಕೆ ಮಾರುವ ಹಾಗಿಲ್ಲ. ಒಂದು ಚಮಚ ಪುಡಿಯ ಕೆಲಸ, ಮನಸ್ಸು ಮಾಡಿದರೆ ಎಲ್ಲಿಯೂ ಆಗುವಂಥದ್ದು. ಇನ್ನೊಂದು ವಿಷಯ, ಚಪ್ಪಲಿ ಬೂಟಿನ ಚರ್ಮವನ್ನು ಹದ ಮಾಡುವುದೂ ಹೆಚ್ಚಾಗಿ ಕ್ರೋಮಿಯಂನಿಂದಲೇ. ಸಿಮೆಂಟ್ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರೂ ಮೇಸ್ತ್ರಿಯ ಕಾಲಿನ ತುರಿಕೆ ಹೋಗದಿದ್ದರೆ ಅವರ ಚರ್ಮದ ಚಪ್ಪಲಿ ನೋಡಿ.

ಗೇರುಬೀಜದ ಸಿಪ್ಪೆಯ ಎಣ್ಣೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೇರು, ಮಾವು, ಚೇರೆ ಎಲ್ಲ ಒಂದೇ ಕುಟುಂಬದ ಮರಗಳು. ಹಾಗಾಗಿ ಚೇರೆ ತಾಗುವವರು ಬೀಜ ಒಡೆಯುವ ವಿಭಾಗ ಬಿಟ್ಟು ಬೇರೆ ವಿಭಾಗ ಕೇಳಿಕೊಳ್ಳುವುದು ಒಳ್ಳೆಯದು.

ಯಾವುದರಿಂದ ಎಂದು ಪತ್ತೆ ಮಾಡುವುದು ಹೇಗೆ? ಇದಕ್ಕೆ ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ. 1895ರಲ್ಲಿ ಯಾಡಸ್ಸೋನ್ ಎಂಬ ಜರ್ಮನ್ ವೈದ್ಯರು ಇದನ್ನು ತೋರಿಸಿಕೊಟ್ಟರು, ಇವತ್ತಿಗೂ ಇದಕ್ಕಿಂತ ಉತ್ತಮ ಪರೀಕ್ಷೆ ಬಂದಿಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಒಂದೊಂದು ವಸ್ತು ಇಟ್ಟು ಪಟ್ಟಿ ಅಂಟಿಸುತ್ತಾರೆ. ಎರಡು ದಿನ ಬೆನ್ನು ಒದ್ದೆ ಮಾಡಬಾರದು, ಬೆವರುವ ಕೆಲಸ ಮಾಡಬಾರದು. ಆಮೇಲೆ ಪಟ್ಟಿ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಯಾವ ವಸ್ತುವಿನ ಜಾಗ ಕೆಂಪಾಗಿ ಉಬ್ಬಿದೆಯೋ ಅದೇ ಕಳ್ಳ. ಸೂಜಿ ಇಲ್ಲ, ನೋವಿಲ್ಲ. ನಮ್ಮ ದೇಶಕ್ಕೆ ಹೊಂದುವ ವಸ್ತುಗಳ ಪಟ್ಟಿಯೇ ಬೇರೆ ಮಾಡಿದ್ದಾರೆ. ಮೆಡಿಕಲ್ ಕಾಲೇಜುಗಳ ಚರ್ಮ ವಿಭಾಗದಲ್ಲಿ ವಿಚಾರಿಸಿ. ಈ ತೊಂದರೆಗೆ ರಕ್ತದ ಅಲರ್ಜಿ ಪ್ಯಾಕೇಜ್ ಮಾಡಿಸಿ ಸಾವಿರಾರು ರೂಪಾಯಿ ಕಳೆಯಬೇಡಿ, ರಬ್ಬರ್ ರಾಸಾಯನಿಕ, ಸಿಮೆಂಟ್ ಅಲರ್ಜಿ ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಮುಲಾಮಿನ ಮಾತು. ಮೆಡಿಕಲ್ ಅಂಗಡಿಯಲ್ಲಿ ತುರಿಕೆಗೆ ಅಂತ ಕೇಳಿದರೆ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಹೆಚ್ಚಾಗಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ಮಾಯ, ಬಿಟ್ಟ ನಾಲ್ಕೇ ದಿನದಲ್ಲಿ ಹಾಜರ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದ ಹಾಗೆ ತೆಳ್ಳಗಾಗುತ್ತದೆ, ಹುಳಕಡ್ಡಿ ಇದ್ದರೆ ಮೈತುಂಬ ಹಬ್ಬುತ್ತದೆ. ಟ್ಯೂಬಿನೊಳಗಿನ ನಿಯೋಮೈಸಿನ್ ಎಂಬ ಔಷಧಕ್ಕೇ ಹೊಸ ಅಲರ್ಜಿ ಬರುವುದೂ ಉಂಟು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿದೆ. ಸ್ಟಿರಾಯ್ಡ್ ಕೆಟ್ಟದ್ದಲ್ಲ, ನಾವೂ ಕೊಡುತ್ತೇವೆ, ಲೆಕ್ಕ ಹಾಕಿ ಕೆಲವು ದಿನಕ್ಕೆ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದನ್ನು ಮಾತ್ರ ಬಿಟ್ಟೇಬಿಡಿ, ಚರ್ಮ ಸುಟ್ಟುಹೋಗುತ್ತದೆ. ತೆಂಗಿನೆಣ್ಣೆ ಹಚ್ಚಿ, ಅಡ್ಡಿಯಿಲ್ಲ.

ಅಲರ್ಜಿ ಬಂತೆಂದು ಕೆಲಸವನ್ನೇ ಬಿಡಬೇಕಾ ಎಂಬುದು ಎಲ್ಲರ ಪ್ರಶ್ನೆ. ಹೆಚ್ಚಿನ ಸಲ ಬೇಡ, ವಸ್ತು ಬದಲಾಯಿಸಿದರೆ ಸಾಕು. ಹವಾಯಿ ಚಪ್ಪಲಿಯ ಬದಲು ಅಂಟು ಇಲ್ಲದೆ ಒಂದೇ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಚಪ್ಪಲಿ. ರಬ್ಬರ್ ಗ್ಲೌಸಿನ ಬದಲು ವಿನೈಲ್ ಅಥವಾ ಪಿವಿಸಿ ಗ್ಲೌಸ್, ಒಳಗೆ ತೆಳು ಹತ್ತಿಯದ್ದು, ಅದು ಒದ್ದೆಯಾದಾಗ ಬದಲಿಸುವುದು. ನೀಲಿ ನೈಟ್ರೈಲ್ ಗ್ಲೌಸಿನಲ್ಲಿ ಮರದ ಹಾಲು ಇಲ್ಲ, ಆದರೆ ರಾಸಾಯನಿಕ ಇರಬಹುದು, ಅದು ಎಲ್ಲರಿಗೂ ಆಗದು. ಎಲಾಸ್ಟಿಕ್ ಇರುವ ಒಳಬಟ್ಟೆಗೆ ಬ್ಲೀಚ್ ಹಾಕಬೇಡಿ, ಅದರಿಂದ ಎಲಾಸ್ಟಿಕ್‌ನೊಳಗೆ ಹೊಸ ತುರಿಕೆ ವಸ್ತು ಹುಟ್ಟುತ್ತದೆ. ಚರ್ಮ ಪೂರ್ತಿ ಗುಣವಾಗಲು ಒಂದೆರಡು ತಿಂಗಳಾದರೂ ಬೇಕು, ಒಂದು ವಾರಕ್ಕೆ "ಚಪ್ಪಲಿ ಬದಲಾಯಿಸಿದೆ, ಏನೂ ಪ್ರಯೋಜನ ಇಲ್ಲ" ಅನ್ನಬೇಡಿ.

ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಒಂದು ಮಾಹಿತಿ. ರಾಸಾಯನಿಕ, ಪೇಂಟ್ ಮುಟ್ಟಿ ಬರುವ ಚರ್ಮರೋಗ 1948ರ ಕಾರ್ಖಾನೆ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿತ್ತು, 2020ರ ಹೊಸ ಸಂಹಿತೆಯ ಪಟ್ಟಿಯಲ್ಲೂ ಇದೆ. ಅಂದರೆ ಇದು ನಿಮ್ಮ ಕೊಳಕಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು ಎಂದು ಕಾನೂನೇ ಒಪ್ಪಿದೆ. ಇ.ಎಸ್.ಐ. ಇದ್ದವರು ವೈದ್ಯರಿಗೆ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ, ಚೀಟಿಯಲ್ಲಿ ಅದನ್ನು ಬರೆಸಿಕೊಳ್ಳಿ.

ಕೊನೆಗೆ, ಚರ್ಮದ ವೈದ್ಯರ ಹತ್ತಿರ ಹೋಗುವ ದಿನ ಕಾಲು ತೊಳೆದು ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಎಲ್ಲರೂ ಹಾಗೇ ಬರುತ್ತಾರೆ, ಮರ್ಯಾದೆಗೆ. ದಿನಾ ಹಾಕುವ ಹಳೆಯ ಚಪ್ಪಲಿಯಲ್ಲೇ ಹೋಗಿ. ಗ್ಲೌಸ್, ಬಿಂದಿಯ ಪ್ಯಾಕೆಟ್, ಹಚ್ಚಿದ ಟ್ಯೂಬುಗಳು ಖಾಲಿಯಾಗಿದ್ದರೂ ಸರಿ, ಎಲ್ಲವನ್ನೂ ಒಂದು ತೊಟ್ಟೆಯಲ್ಲಿ ಕಟ್ಟಿ ತೆಗೆದುಕೊಂಡು ಹೋಗಿ. ಚಪ್ಪಲಿಯಿಂದ ಒಂದು ಚೂರು ಕತ್ತರಿಸಿ ಅದನ್ನೇ ಬೆನ್ನಿಗೆ ಅಂಟಿಸಿ ಪರೀಕ್ಷೆ ಮಾಡುವುದೂ ಉಂಟು. ಈಗ ಯಾರಿಗಾದರೂ ಕಾಲು ತೋರಿಸಬೇಕಿದ್ದರೆ ಊಟದ ಹೊತ್ತಿನಲ್ಲಿ ನಾನು ಆ ಬದಿಯ ಕೋಣೆಯಲ್ಲಿ ಇರುತ್ತೇನೆ, ಚಪ್ಪಲಿಯನ್ನೂ ಒಳಗೆ ತನ್ನಿ.